ಹಿಂದಿನವರನ್ನು ಹೆಸರಿಸುವ ಅಧ್ಯಾಯ

ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧವಿರಲಿ, ನಾಲ್ಕೈದು ವರ್ಷ ದುಡಿದು ಒಪ್ಪಿಸುವ ಪಿಎಚ್.ಡಿ. ಮಹಾಪ್ರಬಂಧವಿರಲಿ, ಪೀಠಿಕೆಯ ಬೆನ್ನಿಗೇ ಒಂದು ಅಧ್ಯಾಯ ಇದ್ದೇ ಇರುತ್ತದೆ. ‘ಪೂರ್ವ ಅಧ್ಯಯನಗಳ ಸಮೀಕ್ಷೆ’ ಎಂದು ಕೆಲವರು, ‘ಈವರೆಗಿನ ಸಂಶೋಧನೆ’ ಎಂದು ಕೆಲವರು ಅದಕ್ಕೆ ಹೆಸರಿಡುತ್ತಾರೆ. ಬರೆಯುವವರು ಬೇಸರದಿಂದ ಬರೆಯುವ, ಓದುವವರು ಹಾರಿಸಿ ಮುಂದೆ ಹೋಗುವ ಅಧ್ಯಾಯ ಅದು. ಮಾರ್ಗದರ್ಶಕರು ಕೇಳುತ್ತಾರೆ, ನಿಯಮದಲ್ಲಿದೆ, ಹಾಗಾಗಿ ಇಪ್ಪತ್ತು ಪುಟ ತುಂಬಿಸಬೇಕು ಎಂಬುದಷ್ಟೇ ಬಹುಪಾಲು ವಿದ್ಯಾರ್ಥಿಗಳಿಗೆ ಅದರ ಬಗ್ಗೆ ಇರುವ ತಿಳಿವಳಿಕೆ.

ಈ ಕೆಲಸ ವಿಶ್ವವಿದ್ಯಾಲಯಗಳು ಹುಟ್ಟುಹಾಕಿದ್ದೇನೂ ಅಲ್ಲ. ನಮ್ಮ ಶಾಸ್ತ್ರಕಾರರು ಮೊದಲು ಪೂರ್ವಪಕ್ಷವನ್ನು ಮಂಡಿಸಿ ಆಮೇಲೆ ತಮ್ಮ ಸಿದ್ಧಾಂತ ಹೇಳುತ್ತಿದ್ದರು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನಿಗೆ ಮಾತ್ರ ಅದನ್ನು ಖಂಡಿಸುವ ಹಕ್ಕು ಎಂಬುದು ಅಲ್ಲಿನ ಶಿಸ್ತು. ನಮ್ಮ ಕವಿಗಳೂ ಕಾವ್ಯದ ಆರಂಭದಲ್ಲಿ ಪೂರ್ವಕವಿಗಳನ್ನು ನೆನೆಯುತ್ತಿದ್ದರು. ಕೆಲವು ಕಡೆ ಅದು ಬರೀ ನಮಸ್ಕಾರ. ಇನ್ನು ಕೆಲವು ಕಡೆ ಅದು ನಿಜವಾದ ಸಮೀಕ್ಷೆ.

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವನ್ನೇ ನೋಡಿ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ರಚಿತವಾದ ಅಲಂಕಾರಶಾಸ್ತ್ರದ ಪುಸ್ತಕ ಅದು. ಕನ್ನಡದಲ್ಲಿ ಗದ್ಯ ಬರೆದವರು ಯಾರು, ಪದ್ಯ ಬರೆದವರು ಯಾರು ಎಂದು ಅದರ ಕರ್ತೃ ಪಟ್ಟಿ ಕೊಡುತ್ತಾನೆ. ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಇವರು ಗದ್ಯದವರು. ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಇವರು ಪದ್ಯದವರು. ಈ ಹತ್ತು ಮಂದಿ ಬರೆದ ಆ ಕನ್ನಡ ಕೃತಿಗಳಲ್ಲಿ ಒಂದೂ ಇಂದು ನಮ್ಮ ಕೈಯಲ್ಲಿಲ್ಲ. ಆದರೂ ಒಂಬತ್ತನೆಯ ಶತಮಾನಕ್ಕೆ ಮೊದಲೇ ಕನ್ನಡದಲ್ಲಿ ಗದ್ಯವೂ ಪದ್ಯವೂ ಬೆಳೆದಿತ್ತು ಎಂದು ನಾವು ಧೈರ್ಯವಾಗಿ ಹೇಳುವುದು ಆ ಪಟ್ಟಿಯ ಬಲದಿಂದ. ‘ನನಗಿಂತ ಮೊದಲು ಯಾರೂ ಈ ಕೆಲಸ ಮಾಡಿಲ್ಲ’ ಎಂದು ಆತ ಬರೆದುಬಿಟ್ಟಿದ್ದರೆ ನಮ್ಮ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯವೇ ಇರುತ್ತಿರಲಿಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜನೂ ಅಷ್ಟೇ. ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ತನ್ನ ವ್ಯಾಕರಣಕ್ಕೆ ಯಾರ ಪ್ರಯೋಗಗಳು ಆಧಾರ ಎಂದು ಅವನು ಹೆಸರು ಹಿಡಿದು ಹೇಳುತ್ತಾನೆ. ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ ಮೊದಲಾದವರು ಅಲ್ಲಿ ಬರುತ್ತಾರೆ. ಸೂತ್ರ ಹೇಳಿ ಅದರ ಕೆಳಗೆ ಹಳೆಯ ಕವಿಗಳ ಸಾಲುಗಳನ್ನು ಉದಾಹರಣೆಯಾಗಿ ಕೊಡುತ್ತಾನೆ. ಅವನ ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ವೆಂಬ ಸಂಕಲನ ಮಾಡಿದವನು, ಮನೆಯಲ್ಲೇ ಗ್ರಂಥಭಂಡಾರವಿದ್ದ ಹಾಗೆ. ಗುಣವರ್ಮನ ‘ಶೂದ್ರಕ’ದಂಥ ಕಾವ್ಯ ಇತ್ತೆಂದು ಇವತ್ತು ಗೊತ್ತಿರುವುದು ಮುಂದಿನವರು ಹೀಗೆ ಎತ್ತಿಕೊಟ್ಟ ಪದ್ಯಗಳಿಂದ. ಇಡೀ ಪುಸ್ತಕ ಹೋಯಿತು, ಉಲ್ಲೇಖ ಉಳಿಯಿತು.

ಇರಲಿ, ಇಂದಿನ ವಿದ್ಯಾರ್ಥಿಯ ಮೇಜಿಗೆ ಬರೋಣ. ಕವಿರಾಜಮಾರ್ಗದ ಮೇಲೆಯೇ ಒಬ್ಬರು ಪ್ರಬಂಧ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹಿಂದಿನವರು ಏನು ಮಾಡಿದ್ದಾರೆ ಎಂದು ಹೇಳಬೇಕು. ಸಾಮಾನ್ಯವಾಗಿ ಬರುವ ಬರವಣಿಗೆ ಹೀಗಿರುತ್ತದೆ: ‘1898ರಲ್ಲಿ ಕೆ.ಬಿ. ಪಾಠಕರು ಈ ಗ್ರಂಥವನ್ನು ಸಂಪಾದಿಸಿದರು. 1904ರಲ್ಲಿ ಜೆ.ಎಫ್. ಫ್ಲೀಟರು ಲೇಖನ ಬರೆದರು. 1933ರಲ್ಲಿ ಶಂ.ಬಾ. ಜೋಶಿಯವರು ಕಣ್ಮರೆಯಾದ ಕನ್ನಡ ಎಂಬ ಪುಸ್ತಕ ಬರೆದರು. 1968ರಲ್ಲಿ ಎಂ.ವಿ. ಸೀತಾರಾಮಯ್ಯನವರು ಮತ್ತೆ ಸಂಪಾದಿಸಿದರು...’ ಹೀಗೆ ಪುಟಗಟ್ಟಲೆ. ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಇದು ಹಾಜರಿ ಪುಸ್ತಕ. ಬಂದವರು ಯಾರು ಎಂದು ತಿಳಿಯುತ್ತದೆ. ಯಾಕೆ ಬಂದರು, ಪರಸ್ಪರ ಏನು ಮಾತಾಡಿದರು ಎಂದು ತಿಳಿಯುವುದಿಲ್ಲ.

ಇದೇ ಸಾಮಗ್ರಿಯನ್ನು ಬೇರೆ ರೀತಿಯಲ್ಲಿ ಜೋಡಿಸಬಹುದು. ವ್ಯಕ್ತಿಗಳ ಹೆಸರನ್ನು ಬಿಟ್ಟು ಪ್ರಶ್ನೆಗಳನ್ನು ಹಿಡಿಯುವುದು.

ಮೊದಲ ಪ್ರಶ್ನೆ, ಗ್ರಂಥ ಬರೆದವರು ಯಾರು? ಪಾಠಕರು ತಮ್ಮ ಆವೃತ್ತಿಯನ್ನು ನೃಪತುಂಗನ ಕೃತಿ ಎಂದೇ ಪ್ರಕಟಿಸಿದರು. ಆರು ವರ್ಷದಲ್ಲಿ ಫ್ಲೀಟರು ‘ಇಂಡಿಯನ್ ಆ್ಯಂಟಿಕ್ವರಿ’ ಪತ್ರಿಕೆಯಲ್ಲಿ, ಇದು ಕವೀಶ್ವರನ ಕೃತಿ ಎಂದು ವಾದಿಸಿದರು. ಇಬ್ಬರ ಮುಂದಿದ್ದ ಪಠ್ಯ ಒಂದೇ. ತೊಡಕು ಇರುವುದು ಗ್ರಂಥದ ಒಳಗೇ. ಇಲ್ಲಿ ಹೇಳಿದ್ದು ನೃಪತುಂಗದೇವನಿಗೆ ಸಮ್ಮತವಾದದ್ದು ಎಂಬ ಅರ್ಥದ ಮಾತು ಅದರಲ್ಲಿ ಬರುತ್ತದೆ. ದೊರೆ ತಾನೇ ಬರೆದಿದ್ದರೆ ತನಗೇ ಸಮ್ಮತ ಎಂದು ಯಾಕೆ ಹೇಳಿಕೊಳ್ಳುತ್ತಾನೆ? ಹಾಗಾದರೆ ಬರೆದವನು ಆಸ್ಥಾನದ ಕವಿಯಿರಬೇಕು. ಆ ಕವಿ ಶ್ರೀವಿಜಯ ಎನ್ನುವವರಿಗೆ ಹನ್ನೊಂದನೆಯ ಶತಮಾನದ ದುರ್ಗಸಿಂಹ ಸಾಕ್ಷಿ. ಅವನು ತನ್ನ ‘ಪಂಚತಂತ್ರ’ದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ಸ್ಮರಿಸುತ್ತಾನೆ. ಎಂ.ವಿ. ಸೀತಾರಾಮಯ್ಯನವರು 1968ರ ತಮ್ಮ ಆವೃತ್ತಿಗೆ ಶ್ರೀವಿಜಯನ ಹೆಸರನ್ನೇ ಇಟ್ಟರು.

ಆದರೆ ಮೇಲೆ ಹೇಳಿದ ಹತ್ತು ಹೆಸರಿನ ಪಟ್ಟಿ ಇಲ್ಲಿ ಅಡ್ಡ ಬರುತ್ತದೆ. ಪೂರ್ವಕವಿಗಳೆಂದು ಗ್ರಂಥವೇ ಹೇಳುವ ಸಾಲಿನಲ್ಲಿ ಶ್ರೀವಿಜಯನೂ ಇದ್ದಾನೆ, ಕವೀಶ್ವರನೂ ಇದ್ದಾನೆ. ತನ್ನನ್ನು ತಾನೇ ಪೂರ್ವಕವಿ ಎಂದು ಯಾರಾದರೂ ಎಣಿಸಿಕೊಳ್ಳುತ್ತಾರೆಯೇ? ಆ ಶ್ರೀವಿಜಯ ಬೇರೆ, ಈ ಶ್ರೀವಿಜಯ ಬೇರೆ ಎನ್ನಬಹುದು. ಎಂದರೆ ಅದಕ್ಕೆ ಆಧಾರ ಕೊಡಬೇಕು. ಹೀಗೆ ಬರೆದಾಗ ನೂರು ವರ್ಷಕ್ಕೂ ಹಳೆಯ ವಾದ ಓದುಗನ ಕಣ್ಣೆದುರಿಗೆ ಮತ್ತೆ ನಡೆಯುತ್ತದೆ. ಎಲ್ಲಿ ಗಟ್ಟಿ ಇದೆ, ಎಲ್ಲಿ ಟೊಳ್ಳಿದೆ ಎಂದು ಅವನಿಗೇ ಕಾಣುತ್ತದೆ. ಹೆಸರು, ಇಸವಿ ಎಲ್ಲವೂ ಇವೆ, ಆದರೆ ಅವು ವಾದದ ಒಳಗೆ ಇವೆ.

ಎರಡನೆಯ ಪ್ರಶ್ನೆ, ಸಂಸ್ಕೃತಕ್ಕೂ ಈ ಗ್ರಂಥಕ್ಕೂ ಇರುವ ಸಂಬಂಧ ಎಂಥದು? ದಂಡಿಯ ‘ಕಾವ್ಯಾದರ್ಶ’ವನ್ನು ಇದು ಬಹುಮಟ್ಟಿಗೆ ಅನುಸರಿಸುತ್ತದೆ ಎಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ. ಎಲ್ಲಿ ಅನುವಾದ, ಎಲ್ಲಿ ಅಗಲಿಕೆ, ಕನ್ನಡಕ್ಕೇ ವಿಶಿಷ್ಟವಾದದ್ದು ಯಾವುದು ಎನ್ನುವಲ್ಲಿ ಚರ್ಚೆ. ಮೂರನೆಯದು ನಾಡಿನ ಪ್ರಶ್ನೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಗ್ರಂಥ ಹೇಳುತ್ತದೆ, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ತಿರುಳ್ಗನ್ನಡದ ನೆಲ ಎನ್ನುತ್ತದೆ. ಮಹಾರಾಷ್ಟ್ರದ ನೆಲದಲ್ಲಿ ಕನ್ನಡದ ಕುರುಹು ಹುಡುಕಿದ ಶಂ.ಬಾ. ಅವರಿಗೆ ಇದು ಒಂದು ಆಧಾರ. ಕೆ.ವಿ. ಸುಬ್ಬಣ್ಣನವರು ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಕೃತಿಯಲ್ಲಿ ಇದನ್ನೇ ಕನ್ನಡಿಗರು ತಮ್ಮ ಲೋಕವನ್ನು ಕಲ್ಪಿಸಿಕೊಂಡ ಬಗೆಯಾಗಿ ಓದಿದರು. ಅಮೆರಿಕದ ಶೆಲ್ಡನ್ ಪೊಲಾಕ್ 2006ರ ತಮ್ಮ ಗ್ರಂಥದಲ್ಲಿ, ಸಂಸ್ಕೃತದ ಜಗದಗಲ ವ್ಯಾಪ್ತಿಯಿಂದ ದೇಶಭಾಷೆಗಳು ತಮ್ಮ ನೆಲೆ ಕಟ್ಟಿಕೊಂಡ ಕಥೆಗೆ ಇದನ್ನು ಮುಖ್ಯ ಉದಾಹರಣೆ ಮಾಡಿಕೊಂಡರು. ಅಲಂಕಾರಶಾಸ್ತ್ರದ ಪುಸ್ತಕ ಹೀಗೆ ಇತಿಹಾಸದ, ರಾಜಕೀಯ ಚಿಂತನೆಯ ಪುಸ್ತಕವಾದ ಪರಿ ಹಾಜರಿ ಪುಸ್ತಕದಲ್ಲಿ ಎಂದೂ ಕಾಣಿಸದು.

ಪ್ರಶ್ನೆಗಳನ್ನು ಹೀಗೆ ಬಿಡಿಸಿಟ್ಟ ಮೇಲೆ ವಿದ್ಯಾರ್ಥಿ ತಾನು ಯಾವುದಕ್ಕೆ ಕೈಹಾಕುತ್ತಿದ್ದೇನೆ ಎಂದು ಹೇಳುವುದು ಸುಲಭ. ಕರ್ತೃವಿನ ಪ್ರಶ್ನೆಯನ್ನು ಬಿಟ್ಟು ದಂಡಿಯ ಪ್ರಶ್ನೆಯನ್ನು ಎತ್ತಿಕೊಂಡರೆ ಬಿಟ್ಟಿದ್ದೇಕೆ ಎಂದು ಎರಡು ಮಾತು ಬರೆದರೆ ಸಾಕು.

‘ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ’

ನಮ್ಮ ಪ್ರಬಂಧಗಳಲ್ಲಿ ಅತಿ ಹೆಚ್ಚು ಸಲ ಬರುವ ವಾಕ್ಯ ಪ್ರಾಯಶಃ ಇದೇ ಇರಬೇಕು. ಬಹಳ ಸಲ ಇದರ ಅರ್ಥ ‘ನಾನು ಹುಡುಕಿಲ್ಲ’ ಎಂದಷ್ಟೇ. ಹುಡುಕುವುದು ಕಷ್ಟವೂ ಹೌದು. ಕನ್ನಡ ಸಂಶೋಧನೆಯ ಎಷ್ಟೋ ಮುಖ್ಯ ಮಾತು ಪುಸ್ತಕಗಳಲ್ಲಿಲ್ಲ, ಹಳೆಯ ಪತ್ರಿಕೆಗಳಲ್ಲಿದೆ. 1916ರಲ್ಲಿ ಆರಂಭವಾದ ‘ಕರ್ನಾಟಕ ಸಾಹಿತ್ಯ ಪರಿಷತ್ಪತ್ರಿಕೆ’, 1919ರಲ್ಲಿ ಹುಟ್ಟಿದ ‘ಪ್ರಬುದ್ಧ ಕರ್ನಾಟಕ’ ಇವುಗಳ ಹಳೆಯ ಸಂಪುಟಗಳಲ್ಲಿ ಮಂಜೇಶ್ವರದ ಗೋವಿಂದ ಪೈಗಳಂಥವರು ಒಂದು ತೇದಿಗಾಗಿ ನಡೆಸಿದ ಜಗಳಗಳೆಲ್ಲ ಕಟ್ಟು ಹಾಕಿ ಕೂತಿವೆ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ ಮೂರು ಸಂಪುಟಗಳಾಗಿ 1907, 1919 ಮತ್ತು 1929ರಲ್ಲಿ ಬಂತು. ಹಳಗನ್ನಡದ ಯಾವ ಕವಿಯ ಮೇಲೆ ಬರೆಯುವವರಾದರೂ ಮೊದಲು ಅಲ್ಲಿ ನೋಡಬೇಕು. ಅಲ್ಲಿಗೇ ನಿಲ್ಲಿಸಬಾರದು ಎಂಬುದು ಬೇರೆ ಮಾತು.

ಮೊದಲು ಪ್ರಬಂಧಗಳನ್ನು ಹುಡುಕುವುದೆಂದರೆ ಆಯಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಬಸ್ಸು ಹಿಡಿದು ಹೋಗಬೇಕಿತ್ತು. ಧಾರವಾಡದಲ್ಲಿ ಒಬ್ಬರು ಮುಗಿಸಿದ ಕೆಲಸವನ್ನೇ ಮೈಸೂರಿನಲ್ಲಿ ಇನ್ನೊಬ್ಬರು ಮೊದಲಿನಿಂದ ಶುರು ಮಾಡುವುದಕ್ಕೆ ಅಡ್ಡಿಯೇ ಇರಲಿಲ್ಲ. ಈಗ ಆ ನೆಪ ನಡೆಯುವುದಿಲ್ಲ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿ ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ನಿಯಮ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ದೇಶದ ಲಕ್ಷಗಟ್ಟಲೆ ಪ್ರಬಂಧಗಳು ಯಾರಿಗಾದರೂ ಓದಲು ಸಿಗುತ್ತವೆ. ಕನ್ನಡದವೂ ಇವೆ.

ಸಮೀಕ್ಷೆ ಒಮ್ಮೆ ಬರೆದು ಮುಗಿಸುವಂಥದ್ದೂ ಅಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದಂದಿನಿಂದ ಕನ್ನಡದ ಮೊದಲ ಶಾಸನ, ಸುಮಾರು ಕ್ರಿ.ಶ. 450 ಎಂದು ಶಾಲಾ ಪುಸ್ತಕದಿಂದ ಮಹಾಪ್ರಬಂಧದವರೆಗೆ ಎಲ್ಲರೂ ಬರೆದರು. ಕಾಲದ ಬಗ್ಗೆ ಭಿನ್ನಾಭಿಪ್ರಾಯ ಆಗಲೂ ಇತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013-14ರ ಉತ್ಖನನದಲ್ಲಿ ದೊರೆತ ಶಾಸನವೊಂದು ಕ್ರಿ.ಶ. 370ರದ್ದು ಎಂಬ ಅಭಿಪ್ರಾಯ 2016ರಲ್ಲಿ ಪ್ರಕಟವಾದ ಮೇಲೆ ಆ ಒಂದು ವಾಕ್ಯ ಹಾಗೇ ಬರೆಯುವಂತಿಲ್ಲ. ತಾಳಗುಂದದ ವಾದವನ್ನು ಒಪ್ಪಬೇಕೆಂದೇನಿಲ್ಲ. ಆದರೆ ಅದರ ಸುದ್ದಿಯೇ ಇಲ್ಲದೆ ಹಲ್ಮಿಡಿಯನ್ನು ಮೊದಲನೆಯದು ಎಂದು ಇಂದು ಬರೆದರೆ, ಹಳೆಯ ಪ್ರಬಂಧದಿಂದ ಇಳಿಸಿಕೊಂಡದ್ದು ಎಂದು ಪರೀಕ್ಷಕರಿಗೆ ಆ ಕ್ಷಣವೇ ತಿಳಿಯುತ್ತದೆ.

ಕೆಲವು ಸಲ ಒಂದು ಹೆಸರು ಬರೆದರೇ ಒಂದು ಪಕ್ಷ ಹಿಡಿದಂತಾಗುತ್ತದೆ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಸಂಪಾದಿಸಿಕೊಟ್ಟ ‘ವಡ್ಡಾರಾಧನೆ’ಯನ್ನು ಶಿವಕೋಟ್ಯಾಚಾರ್ಯನದು ಎಂದು ಹೇಳುವುದು ರೂಢಿ. ಗ್ರಂಥದ ನಿಜವಾದ ಹೆಸರು ‘ಆರಾಧನಾ ಕರ್ಣಾಟ ಟೀಕೆ’, ಬರೆದವನು ಭ್ರಾಜಿಷ್ಣು ಎಂದು ಆಮೇಲಿನ ವಿದ್ವಾಂಸರು ವಾದಿಸಿದ್ದಾರೆ. ಈ ಚರ್ಚೆ ಗೊತ್ತಿದ್ದು ಹಳೆಯ ಹೆಸರನ್ನೇ ಬಳಸುವುದು ಒಂದು ನಿಲುವು. ಗೊತ್ತಿಲ್ಲದೆ ಬಳಸುವುದು ಅಜ್ಞಾನ. ಒಂದು ಅಡಿಟಿಪ್ಪಣಿ ಇವೆರಡರ ನಡುವಿನ ವ್ಯತ್ಯಾಸ ಮಾಡುತ್ತದೆ.

ಎರವಲು ಉಲ್ಲೇಖ

ಮೂಲ ಪುಸ್ತಕ ತೆರೆಯದೆ, ಇನ್ನೊಬ್ಬರ ಪ್ರಬಂಧದಲ್ಲಿ ಕಂಡ ಉಲ್ಲೇಖವನ್ನು ಪುಟಸಂಖ್ಯೆ ಸಮೇತ ತನ್ನದನ್ನಾಗಿ ಮಾಡಿಕೊಳ್ಳುವುದು ದೊಡ್ಡ ಪಿಡುಗು. ಮೊದಲನೆಯವರು 38 ಎನ್ನುವುದನ್ನು 83 ಎಂದು ಬರೆದಿದ್ದರೆ ಮುಂದಿನ ಹತ್ತು ಪ್ರಬಂಧಗಳಲ್ಲಿ 83 ಎಂದೇ ಇರುತ್ತದೆ. ಓದದೆಯೇ ಕಾವ್ಯಪ್ರಯೋಗದಲ್ಲಿ ನುರಿತವರು ಈ ನಾಡಿನ ಜನ ಎಂಬ ಕವಿರಾಜಮಾರ್ಗದ ಮಾತನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ಕೇಳದವರಿಲ್ಲ. ಅದು ಮೊದಲ ಪರಿಚ್ಛೇದದಲ್ಲಿ, ನಾಡಿನ ವರ್ಣನೆಯ ಬೆನ್ನಿಗೆ ಬರುತ್ತದೆ ಎಂದು ಪುಸ್ತಕ ತೆರೆದು ನೋಡಿದವರು ಎಷ್ಟು ಮಂದಿ? ಭಾಷಣಕ್ಕೆ ಅದು ಬೇಕಿಲ್ಲ. ಪ್ರಬಂಧಕ್ಕೆ ಬೇಕು. ಮೂಲ ಸಿಗದಿದ್ದರೆ ‘ಇಂಥವರ ಗ್ರಂಥದಲ್ಲಿ ಉಲ್ಲೇಖಿತ’ ಎಂದು ಬರೆಯುವುದರಲ್ಲಿ ನಾಚಿಕೆಯೇನೂ ಇಲ್ಲ. ಪತ್ರಿಕಾ ಕಚೇರಿಯಲ್ಲಿ ಸುದ್ದಿ ಕೊಟ್ಟಾಗ ‘ಮೂಲ ಯಾರು?’ ಎಂಬ ಪ್ರಶ್ನೆ ಬರುತ್ತದಲ್ಲ, ಅದೇ ಪ್ರಶ್ನೆ ಇದು.

ಇತ್ತೀಚೆಗೆ ಇದಕ್ಕೆ ಹೊಸ ರೂಪ ಬಂದಿದೆ. ಚಾಟ್‌ಜಿಪಿಟಿಯಂಥ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಆಕರ ಕೇಳಿದರೆ ಇಲ್ಲದ ಪುಸ್ತಕಕ್ಕೆ ಲೇಖಕ, ಪ್ರಕಾಶಕ, ಇಸವಿ ಎಲ್ಲವನ್ನೂ ಜೋಡಿಸಿ ಕೊಟ್ಟುಬಿಡುವುದುಂಟು. ಅದು ಕೊಟ್ಟ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಿದ ನ್ಯೂಯಾರ್ಕಿನ ವಕೀಲರು 2023ರಲ್ಲಿ 5,000 ಡಾಲರ್ ದಂಡ ತೆತ್ತರು.

ನಕಲಿನ ವಿಷಯಕ್ಕೆ ಕಾನೂನೇ ಇದೆ. ಧನಸಹಾಯ ಆಯೋಗದ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರವಣಿಗೆಯೊಂದಿಗಿನ ಸಾಮ್ಯ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ 10ರಿಂದ 40ರೊಳಗಿದ್ದರೆ ಆರು ತಿಂಗಳು ಮೀರದ ಗಡುವಿನಲ್ಲಿ ತಿದ್ದಿ ಒಪ್ಪಿಸಬೇಕು. ಶೇ 40 ದಾಟಿ 60ರವರೆಗೆ ಹೋದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಒಪ್ಪಿಸುವಂತಿಲ್ಲ. ಶೇ 60 ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಹೆಸರಿಸಿ ಉದ್ಧರಿಸಿದ ಭಾಗ, ಗ್ರಂಥಋಣದ ಪಟ್ಟಿ ಈ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿ ಅಥವಾ ಆಕಸ್ಮಿಕವಾಗಿ ಹೊಂದುವ ಮಾತು ಸತತ 14 ಪದಗಳವರೆಗೆ ಇದ್ದರೂ ಬಿಡುತ್ತಾರೆ.

ಲೆಕ್ಕವೇನೋ ಚೊಕ್ಕಟವಾಗಿದೆ. ಆದರೆ ಯಂತ್ರ ಹಿಡಿಯುವುದು ಒಂದೇ ಬಗೆಯ ಪದಗಳ ಸಾಲನ್ನು, ಕದ್ದ ವಿಚಾರವನ್ನಲ್ಲ. ಒಬ್ಬರು ಹತ್ತು ವರ್ಷ ಊರೂರು ಅಲೆದು ಕಂಡುಕೊಂಡದ್ದನ್ನು ಇನ್ನೊಬ್ಬರು ವಾಕ್ಯ ತಿರುಗಿಸಿ ಹೆಸರು ಹೇಳದೆ ಬರೆದರೆ ಶೇಕಡಾವಾರು ಸೊನ್ನೆಯೇ ಬರಬಹುದು. ಕನ್ನಡಕ್ಕೆ ಇನ್ನೊಂದು ತೊಂದರೆ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಅಥವಾ ಪುಟಗಳ ಚಿತ್ರವಾಗಿ ಮಾತ್ರ ಉಳಿದ ಪ್ರಬಂಧಗಳನ್ನು ಯಂತ್ರ ಹೋಲಿಸಿ ನೋಡುವುದು ಕಷ್ಟ. ಯಂತ್ರ ಬಿಟ್ಟದ್ದನ್ನು ಆ ವಿಷಯ ಬಲ್ಲ ಪರೀಕ್ಷಕರು ಮಾತ್ರ ಹಿಡಿಯಬಲ್ಲರು. ತಿರುಗಿಸಿ ಬರೆದರೂ ಹೆಸರು ಹೇಳಬೇಕು ಎಂಬುದು ನಮ್ಮ ತರಗತಿಗಳಲ್ಲಿ ಯಾಕೋ ಸ್ಪಷ್ಟವಾಗಿ ಹೇಳಿಕೊಡುವುದೇ ಕಡಿಮೆ.

ಹಿರಿಯರನ್ನು ಒಪ್ಪದೆ ಬರೆಯುವುದು ಹೇಗೆ ಎಂಬ ಅಳುಕೂ ನಮ್ಮಲ್ಲಿ ಹೆಚ್ಚು. ಅದರಿಂದ ಎರಡು ಅತಿರೇಕ. ಒಂದು ಕಡೆ ‘ವಿದ್ವತ್ಪೂರ್ಣ’, ‘ಮೌಲಿಕ’, ‘ಅನನ್ಯ’ ಎಂಬ ಹಾರಗಳ ಸಾಲು. ಇನ್ನೊಂದು ಕಡೆ, ತನ್ನ ಕೆಲಸ ದೊಡ್ಡದೆಂದು ತೋರಿಸಲು ಹಿಂದಿನವರೆಲ್ಲ ಏನೂ ಮಾಡಿಲ್ಲ ಎಂಬ ಉಡಾಫೆ. ಎರಡರಲ್ಲೂ ಓದಿದ್ದರ ಗುರುತಿಲ್ಲ. ಪಾಠಕರನ್ನು ಒಪ್ಪದವರು ಕೂಡ, ಕವಿರಾಜಮಾರ್ಗವನ್ನು ಅಚ್ಚಿನಲ್ಲಿ ತಂದು ಚರ್ಚೆಗೆ ಒದಗಿಸಿದವರು ಅವರು ಎಂಬುದನ್ನು ಹೇಳಲೇಬೇಕಾಗುತ್ತದೆ. ಅವರ ಆವೃತ್ತಿ ಇಲ್ಲದಿದ್ದರೆ ಫ್ಲೀಟರ ಆಕ್ಷೇಪವೂ ಇರುತ್ತಿರಲಿಲ್ಲ. ಯಾವ ಮಾತು ನಿಂತಿದೆ, ಯಾವುದು ಬಿದ್ದಿದೆ, ಯಾವ ಹೊಸ ಆಧಾರದಿಂದ ಬಿದ್ದಿದೆ ಎಂದು ಬರೆದರೆ ಹೊಗಳಿಕೆಯ ಗುಣವಾಚಕಗಳಿಗೆ ಜಾಗವೇ ಇರುವುದಿಲ್ಲ.

ಎಷ್ಟು ಪುಟ ಎಂಬುದಕ್ಕೆ ಲೆಕ್ಕವಿಲ್ಲ. ಒಂದೇ ಪ್ರಶ್ನೆ ಹಿಡಿದ ಎಂ.ಎ. ಕಿರುಪ್ರಬಂಧಕ್ಕೆ ಹತ್ತು ಕೃತಿಗಳ ನಿಜವಾದ ಓದು ಸಾಕಾಗಬಹುದು. ನೂರು ಹೆಸರಿನ ಪಟ್ಟಿ ಸಾಲದೆ ಹೋಗಬಹುದು. ಯಾವಾಗ ಬರೆಯಬೇಕು ಎಂಬುದಕ್ಕೆ ಅನುಭವಸ್ಥ ಮಾರ್ಗದರ್ಶಕರು ಹೇಳುವುದು ಎರಡು ಸಲ. ಕೆಲಸ ಶುರುವಾಗುವ ಮುನ್ನ ಒಮ್ಮೆ, ದಾರಿ ಗೊತ್ತಾಗಲಿಕ್ಕೆ. ಕೊನೆಯ ಅಧ್ಯಾಯ ಮುಗಿದ ಮೇಲೆ ಇನ್ನೊಮ್ಮೆ, ಏಕೆಂದರೆ ಅಷ್ಟು ಹೊತ್ತಿಗೆ ತನ್ನ ಪ್ರಶ್ನೆಯೇ ಸ್ವಲ್ಪ ಬದಲಾಗಿರುತ್ತದೆ. ಮೊದಲು ಮುಖ್ಯ ಎನಿಸಿದ ಪುಸ್ತಕ ಹಿಂದೆ ಸರಿದಿರುತ್ತದೆ, ಅಡಿಟಿಪ್ಪಣಿಯಲ್ಲಿದ್ದ ಲೇಖನ ಮುಂದೆ ಬಂದಿರುತ್ತದೆ. ಆ ಎರಡನೆಯ ಬರವಣಿಗೆಗೆ ಸಮಯ ಉಳಿಸಿಕೊಳ್ಳದವರೇ ಹೆಚ್ಚು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಗ್ರಂಥಋಣದ ಪುಟ ತಿರುವಿ, ನಡುವೆ ಎಲ್ಲೋ ಒಂದು ಹೆಸರಿನ ಮೇಲೆ ಬೆರಳಿಟ್ಟು, ‘ಇವರು ಏನು ಹೇಳುತ್ತಾರೆ?’ ಎಂದು ಕೇಳುವಾಗ ಕೋಣೆಯಲ್ಲಿ ಆಗುವ ಮೌನಕ್ಕೆ ಕಾರಣ ಸಾಮಾನ್ಯವಾಗಿ ಅದೇ.